ಪೇಟಿಯೊಳಗಿನ ಹಿತ್ತಾಳೆ ನಾಲಗೆ



ಅಮಾವಾಸ್ಯೆಯ ರಾತ್ರಿ ನಿಮ್ಮೂರ ಗುಡಿಯಲ್ಲೋ ಮಠದಲ್ಲೋ ಭಜನೆ ನಡೆಯುವುದನ್ನು ನೋಡಿದ್ದೀರಲ್ಲವೇ? ಒಬ್ಬರು ತಾಳ ಹಾಕುತ್ತಾರೆ. ಒಬ್ಬರು ದಮ್ಮಡಿಯನ್ನೋ ತಬಲಾವನ್ನೋ ಬಾರಿಸುತ್ತಾರೆ. ನಡುವೆ ಕುಳಿತ ಹಿರಿಯರು ಎಡಗೈಯಿಂದ ಗಾಳಿ ಹಾಕುತ್ತ, ಬಲಗೈಯಿಂದ ಕಪ್ಪು ಬಿಳಿ ಮನೆಗಳನ್ನು ಒತ್ತುತ್ತ ತತ್ವಪದ ಹಾಡುತ್ತಾರೆ. ಅವರ ಮುಂದಿರುವುದೇ ಹಾರ್ಮೋನಿಯಂ. ಯಾದಗಿರಿ, ಶಹಾಪುರ, ಸುರಪುರದ ಕಡೆ ನಾವು ಅದನ್ನು ‘ಪೇಟಿ’ ಎನ್ನುತ್ತೇವೆ. ಈ ಪೇಟಿಯೊಳಗೆ ತಂತಿ ಇಲ್ಲ, ಚರ್ಮದ ಹೊದಿಕೆಯ ಡೋಲೂ ಇಲ್ಲ. ಹಾಗಾದರೆ ಹಾಡುವುದು ಯಾವುದು? ಬನ್ನಿ, ತಿಳಿಯೋಣ.

ಸುಮ್ಮನಾದ ಮನೆ

ಒಂದು ಊರಿನ ಭಜನಾ ಮಂಡಳಿಯಲ್ಲಿ ಹಳೆಯ ಪೇಟಿಯೊಂದಿತ್ತು. ಅದಕ್ಕೆ ಒಂದೇ ಸಾಲಿನ ರೀಡುಗಳು. ಶಾಲೆಯ ಮಕ್ಕಳನ್ನು ಕರೆದುಕೊಂಡು ಅದನ್ನು ನೋಡಲು ಹೋಗಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಮನೆಗಳನ್ನು ಒಂದೊಂದಾಗಿ ಒತ್ತುತ್ತ ಹೋಗಿ, ನಡುವೆ ನಿಂತು ಕೇಳಿದಳು: “ಮುತ್ಯಾ, ಈ ಮನಿ ಯಾಕ ನುಡಿವಲ್ದು?”

“ಕರಿ ಒಂದು ಸತ್ತದವ್ವ. ಅದಕ ಕರಿ ಎರಡು ಹಿಡಿದು ಹಾಡ್ತೀನಿ. ಗಂಟಲ ಹರಿತದ, ಏನ್ ಮಾಡೋದು?” ಎಂದರು ಮುತ್ಯಾ.

ಅವರ ಮಾತಿನ ಅರ್ಥ ಇಷ್ಟು. ಅವರ ದನಿಗೆ ಒಪ್ಪುವ ‘ಸ’ ಇದ್ದದ್ದು ಮೊದಲನೆಯ ಕಪ್ಪು ಮನೆಯಲ್ಲಿ. ಅದು ಸುಮ್ಮನಾದ ಮೇಲೆ ಎರಡನೆಯ ಕಪ್ಪು ಮನೆಯನ್ನು ‘ಸ’ ಮಾಡಿಕೊಂಡು, ದನಿಯನ್ನು ಏರಿಸಿ ಹಾಡುತ್ತಿದ್ದರು. ಕೆಲವು ಪದಗಳನ್ನು ಹಾಡುವುದನ್ನೇ ಬಿಟ್ಟಿದ್ದರು. ಪೇಟಿಯನ್ನು ಗುಜರಿಗೆ ಹಾಕುವ ಮಾತೂ ನಡೆದಿತ್ತು. ಆ ಮನೆ ನಿಜವಾಗಿ ಸತ್ತಿತ್ತೇ? ಉತ್ತರ ತಿಳಿಯಬೇಕಾದರೆ ಮೊದಲು ಒಂದು ಪ್ರಯೋಗ ಮಾಡೋಣ.

ಪ್ರಯೋಗ: ಮೇಜಿನ ಅಂಚಿನ ಪಟ್ಟಿ

ಬೇಕಾಗುವ ಸಾಮಗ್ರಿ: 30 ಸೆಂ.ಮೀ. ಉದ್ದದ ಉಕ್ಕಿನ ಅಳತೆಪಟ್ಟಿ, ಮೇಜು, ಸ್ವಲ್ಪ ಹಸಿ ಎರೆಮಣ್ಣು.

ವಿಧಾನ: ಪಟ್ಟಿಯ 20 ಸೆಂ.ಮೀ. ಭಾಗ ಮೇಜಿನಿಂದ ಹೊರಗಿರಲಿ. ಉಳಿದ ಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹೊರತುದಿಯನ್ನು ಸ್ವಲ್ಪ ಬಗ್ಗಿಸಿ ಬಿಡಿ. ಅನಂತರ ಹೊರಗಿನ ಉದ್ದವನ್ನು 10 ಸೆಂ.ಮೀ.ಗೆ, ಮತ್ತೆ 5 ಸೆಂ.ಮೀ.ಗೆ ಇಳಿಸಿ ಹೀಗೆಯೇ ಮಾಡಿ. (ಪಟ್ಟಿ ಮುಖದ ಹತ್ತಿರ ಇರಬಾರದು.)

ಏನು ಗಮನಿಸಿದಿರಿ? ಪಟ್ಟಿ ಉದ್ದವಾಗಿದ್ದಾಗ ಅದು ಮೇಲೆ ಕೆಳಗೆ ಆಡುವುದು ಕಣ್ಣಿಗೆ ಕಾಣುತ್ತದೆ. ಆದರೆ ಸ್ವರವೆನ್ನುವಂಥದ್ದು ಕೇಳುವುದಿಲ್ಲ. 10 ಸೆಂ.ಮೀ.ಗೆ ಬಂದಾಗ ‘ಗುರ್’ ಎನ್ನುವ ಶಬ್ದ. 5 ಸೆಂ.ಮೀ.ಗೆ ಬಂದಾಗ ಇನ್ನೂ ಎತ್ತರದ ಸ್ವರ.

ಏಕೆ ಹೀಗೆ? ವಸ್ತುವೊಂದು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆಯೋ ಅದೇ ಅದರ ಆವೃತ್ತಿ. ಆವೃತ್ತಿಯನ್ನು ಹರ್ಟ್ಸ್‌ನಲ್ಲಿ ಹೇಳುತ್ತೇವೆ. ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ. ಒಂದು ತುದಿಯನ್ನು ಬಿಗಿಹಿಡಿದ ಪಟ್ಟಿಯ ಉದ್ದವನ್ನು ಅರ್ಧ ಮಾಡಿದರೆ ಅದರ ಆವೃತ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚುತ್ತದೆ. 20 ಸೆಂ.ಮೀ. ಇದ್ದಾಗ ಪಟ್ಟಿ ಸೆಕೆಂಡಿಗೆ 15 ಸಲ ಆಡಿತು ಎಂದುಕೊಳ್ಳಿ. 10 ಸೆಂ.ಮೀ.ಗೆ ಅದು 60 ಸಲ, 5 ಸೆಂ.ಮೀ.ಗೆ 240 ಸಲ ಆಡುತ್ತದೆ.

ಈಗ 10 ಸೆಂ.ಮೀ. ಹೊರಗಿಟ್ಟು, ತುದಿಗೆ ಎರೆಮಣ್ಣಿನ ಸಣ್ಣ ಉಂಡೆ ಅಂಟಿಸಿ ಮೀಟಿ. ಸ್ವರ ಇಳಿಯಿತಲ್ಲವೇ? ತುದಿ ಭಾರವಾದರೆ ಕಂಪನ ನಿಧಾನವಾಗುತ್ತದೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಡಿ. ಪೇಟಿಯ ಗುಟ್ಟು ಇವುಗಳಲ್ಲೇ ಇದೆ.

ಪೇಟಿಯೊಳಗೆ ಏನಿದೆ?

ಪೇಟಿಯೊಳಗೆ ಸಾಲಾಗಿ ಕೂಡಿಸಿದ ಹಿತ್ತಾಳೆಯ ರೀಡುಗಳಿವೆ. ಒಂದೊಂದು ರೀಡಿನಲ್ಲೂ ಒಂದು ಚಿಕ್ಕ ತಗಡು, ಅದರಲ್ಲಿ ಉದ್ದನೆಯ ಸೀಳು, ಸೀಳಿನ ಮೇಲೆ ತೆಳುವಾದ ನಾಲಗೆ. ನಾಲಗೆಯ ಒಂದು ತುದಿಯನ್ನು ತಗಡಿಗೆ ಬಿಗಿದಿರುತ್ತಾರೆ. ಇನ್ನೊಂದು ತುದಿ ಬಿಡಿಯಾಗಿರುತ್ತದೆ. ನಿಮ್ಮ ಮೇಜಿನ ಅಂಚಿನ ಪಟ್ಟಿಯೂ ಹೀಗೆಯೇ ಇತ್ತಲ್ಲವೇ? ನಾಲಗೆ ಸೀಳಿಗಿಂತ ಕೂದಲೆಳೆಯಷ್ಟು ಚಿಕ್ಕದು. ಆದ್ದರಿಂದ ಅದು ಅಂಚಿಗೆ ತಾಗದೆ ಸೀಳಿನೊಳಗೆ ಹೋಗಿ ಬರಬಲ್ಲದು.

ನೀವು ತಿದಿಯನ್ನು ಒತ್ತಿದಾಗ ಗಾಳಿ ಪೇಟಿಯ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಕಮ್ಮಾರರ ತಿದಿಯೂ ಹೀಗೆಯೇ ಗಾಳಿ ಒತ್ತುತ್ತದೆ. ಮನೆಯನ್ನು ಒತ್ತಿದಾಗ ಅದರ ಕೆಳಗಿನ ಮುಚ್ಚಳ ತೆರೆದುಕೊಂಡು ಗಾಳಿಗೆ ದಾರಿ ಸಿಗುತ್ತದೆ. ಗಾಳಿ ನಾಲಗೆಯನ್ನು ಸೀಳಿನೊಳಗೆ ತಳ್ಳುತ್ತದೆ. ಲೋಹಕ್ಕೆ ಸ್ಥಿತಿಸ್ಥಾಪಕ ಗುಣವಿರುವುದರಿಂದ ನಾಲಗೆ ಹಿಂದಕ್ಕೆ ಚಿಮ್ಮುತ್ತದೆ. ಗಾಳಿ ಮತ್ತೆ ತಳ್ಳುತ್ತದೆ. ಹೀಗೆ ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ. ಒಂದೇ ಸಮನೆ ಬರುತ್ತಿದ್ದ ಗಾಳಿ ತುಂಡು ತುಂಡಾಗಿ ಹೊರಬೀಳುತ್ತದೆ. ಆ ಗಾಳಿಯ ಹೊಡೆತಗಳೇ ನಿಮ್ಮ ಕಿವಿಗೆ ಸ್ವರವಾಗಿ ಕೇಳುತ್ತವೆ.

ಉದ್ದದ ನಾಲಗೆಗೆ ತಗ್ಗಿನ ಸ್ವರ, ಗಿಡ್ಡ ನಾಲಗೆಗೆ ಎತ್ತರದ ಸ್ವರ. ರೀಡು ಸರಿಪಡಿಸುವವರು ನಾಲಗೆಯ ತುದಿಯನ್ನು ಸ್ವಲ್ಪ ಉಜ್ಜಿದರೆ ಅದು ಹಗುರಾಗಿ ಸ್ವರ ಏರುತ್ತದೆ. ಬುಡದ ಹತ್ತಿರ ಉಜ್ಜಿದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಗಾಳಿಯನ್ನು ಜೋರಾಗಿ ಹಾಕಿದರೆ? ನಾಲಗೆ ಹೆಚ್ಚು ಅಗಲಕ್ಕೆ ಆಡುತ್ತದೆ, ಶಬ್ದ ಜೋರಾಗುತ್ತದೆ. ಆದರೆ ಆವೃತ್ತಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಶಬ್ದದ ಜೋರು ಬೇರೆ, ಸ್ವರದ ಎತ್ತರ ಬೇರೆ ಎನ್ನುವುದನ್ನು ಪೇಟಿ ಚೆನ್ನಾಗಿ ತೋರಿಸುತ್ತದೆ.

ಊದಿದರೆ ಒಂದು, ಎಳೆದರೆ ಇನ್ನೊಂದು

ಜಾತ್ರೆಯಲ್ಲಿ ಮೌತ್ ಆರ್ಗನ್ ಕೊಂಡಿದ್ದೀರಾ? ಅದರಲ್ಲಿರುವುದೂ ಇಂಥ ನಾಲಗೆಗಳೇ. ಒಂದು ತೂತಿನಲ್ಲಿ ಊದಿ ನೋಡಿ. ಅದೇ ತೂತಿನಿಂದ ಉಸಿರು ಎಳೆದು ನೋಡಿ. ಎರಡು ಬೇರೆ ಬೇರೆ ಸ್ವರಗಳು ಬರುತ್ತವೆ. ಏಕೆಂದರೆ ಒಂದೇ ತೂತಿಗೆ ಎರಡು ನಾಲಗೆಗಳಿವೆ. ಒಂದು ಹೊರಗಿನಿಂದ ಒಳಕ್ಕೆ ಹೋಗುವ ಗಾಳಿಗೆ ನುಡಿದರೆ, ಇನ್ನೊಂದು ಒಳಗಿನಿಂದ ಹೊರಕ್ಕೆ ಬರುವ ಗಾಳಿಗೆ ನುಡಿಯುತ್ತದೆ. (ಒಬ್ಬರು ಊದಿದ್ದನ್ನು ಇನ್ನೊಬ್ಬರು ಊದಬೇಡಿ.)

ಇದೇ ಉಪಾಯವನ್ನು ಕೈತಿದಿಗೆ ಜೋಡಿಸಿದರೆ ಗುಂಡಿ ಅಕಾರ್ಡಿಯನ್ ಆಗುತ್ತದೆ. ಅದನ್ನು ಎದೆಗೆ ಆನಿಸಿಕೊಂಡು ನುಡಿಸುತ್ತಾರೆ. ಎರಡೂ ಕೈಗಳಿಂದ ತಿದಿಯನ್ನು ಒತ್ತಿ, ಎಳೆದು, ಗುಂಡಿಗಳನ್ನು ಅದುಮುತ್ತಾರೆ. ಒಂದೇ ಗುಂಡಿ ಒತ್ತುವಾಗ ಒಂದು ಸ್ವರ, ಎಳೆಯುವಾಗ ಇನ್ನೊಂದು ಸ್ವರ. ಬಲಗೈಗೆ 10 ಗುಂಡಿಗಳಿದ್ದರೆ 20 ಸ್ವರಗಳು ಸಿಗುತ್ತವೆ. ಹಾಗಾಗಿ ಯಾವ ಸ್ವರಕ್ಕೆ ಒತ್ತಬೇಕು, ಯಾವುದಕ್ಕೆ ಎಳೆಯಬೇಕು ಎಂಬುದನ್ನು ಕೈ ಕಲಿತಿರಬೇಕು. ಈ ಒತ್ತು ಎಳೆತದಿಂದಲೇ ಅದರ ಹಾಡಿಗೆ ಕುಣಿತದ ಗತಿ ಬರುತ್ತದೆ. ನಮ್ಮ ಪೇಟಿಯಲ್ಲಿ ಹಾಗಿಲ್ಲ. ಅಲ್ಲಿ ಗಾಳಿ ಹೊಟ್ಟೆಯಲ್ಲಿ ಸಂಗ್ರಹವಾಗಿ ಒಂದೇ ದಿಕ್ಕಿಗೆ ಹರಿಯುವುದರಿಂದ ಒಂದು ಮನೆಗೆ ಒಂದೇ ಸ್ವರ.

ಒಂದೇ ನಾಲಗೆ, ಹಲವು ಊರು

ಬಿಡಿ ನಾಲಗೆಯ ವಾದ್ಯ ಬಹಳ ಹಳೆಯದು. ಚೀನಾದ ‘ಶೆಂಗ್’ ಎಂಬ ಊದುವ ವಾದ್ಯದಲ್ಲಿ ಅದು ಪ್ರಾಚೀನ ಕಾಲದಿಂದಲೂ ಇದೆ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯಾನ್ ಅಕಾರ್ಡಿಯನ್‌ಗೆ ಪೇಟೆಂಟ್ ಪಡೆದರು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ ದೆಬ್ಯಾನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದರು. ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿ ತುಳಿಯುವ ವಾದ್ಯ. ನಮ್ಮ ನಾಟಕ ಕಂಪನಿಗಳ ಕಾಲುಪೇಟಿ ಅದರದೇ ಬಳಗ. ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವ ಪೇಟಿಯನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ರೂಪಿಸಿದರು. ಅದೇ ನಮ್ಮ ಗುಡಿಗಳಿಗೆ ಬಂದು ಸೇರಿತು.

ಅತ್ತ ಯುರೋಪಿನ ಅಕಾರ್ಡಿಯನ್‌ಗಳು ವಲಸಿಗರ, ವ್ಯಾಪಾರಿಗಳ ಜೊತೆ ಹಡಗು ಹತ್ತಿ ಅಮೆರಿಕ ಖಂಡಗಳಿಗೆ ಹೋದವು. ಕೊಲಂಬಿಯಾ ದೇಶದಲ್ಲಿ ಅದು ಒಂದು ಚಿಕ್ಕ ಡೋಲು ಹಾಗೂ ಗೀರುವ ವಾದ್ಯದ ಜೊತೆ ಸೇರಿ ‘ಬಾಯೆನಾತೊ’ ಎಂಬ ಜನಪದ ಸಂಗೀತವಾಯಿತು. ಮೆಕ್ಸಿಕೋದ ಉತ್ತರ ಭಾಗದಲ್ಲಿ 12 ತಂತಿಯ ಗಿಟಾರಿನ ಜೊತೆ ಸೇರಿತು. ಅಮೆರಿಕ ಸಂಯುಕ್ತ ಸಂಸ್ಥಾನದ ಲೂಸಿಯಾನಾದಲ್ಲಿ ಫ್ರೆಂಚ್ ಮಾತನಾಡುವ ರೈತರ ಕುಣಿತಕ್ಕೆ ಪಿಟೀಲಿನ ಜೊತೆ ನುಡಿಯಿತು. ಡೊಮಿನಿಕನ್ ಗಣರಾಜ್ಯದಲ್ಲಿ ‘ಮೆರೆಂಗೆ’ ಕುಣಿತಕ್ಕೆ ಜೊತೆಯಾಯಿತು.

ಎಲ್ಲ ಕಡೆಯೂ ಅದು ನೆಲೆಯೂರಿದ್ದೇಕೆ? ಹೊತ್ತು ಒಯ್ಯಬಹುದು. ಮೈಕು ಇಲ್ಲದಿದ್ದರೂ ಅಂಗಳದ ತುಂಬ ಕೇಳುತ್ತದೆ. ತಂತಿವಾದ್ಯದಂತೆ ಪದೇ ಪದೇ ಶ್ರುತಿ ಮಾಡಬೇಕಿಲ್ಲ. ನಮ್ಮ ಭಜನೆಗೆ ಪೇಟಿ ಒಗ್ಗಿದ್ದಕ್ಕೂ ಇವೇ ಕಾರಣಗಳು.

ಆದರೂ ಒಂದು ಹಾಡು ಉಳಿಯಲು ವಾದ್ಯವೊಂದಿದ್ದರೆ ಸಾಲದು. ಬಾಯೆನಾತೊ ಸಂಗೀತವನ್ನು ಯುನೆಸ್ಕೋ 2015ರಲ್ಲಿ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆ ನಾಡಿನ ಬಾಯೆದುಪಾರ್ ನಗರದಲ್ಲಿ 1968ರಲ್ಲಿ ಆರಂಭವಾದ ಸಂಗೀತೋತ್ಸವದಲ್ಲಿ ನಿಮ್ಮಂಥ ಮಕ್ಕಳಿಗೂ ಅಕಾರ್ಡಿಯನ್ ಸ್ಪರ್ಧೆ ಇದೆ. ಮಕ್ಕಳ ಕೈಗೆ ವಾದ್ಯ ಬಂದರೆ ಮಾತ್ರ ಹಾಡು ಮುಂದಿನ ತಲೆಮಾರಿಗೆ ದಾಟುತ್ತದೆ.

ಪೇಟಿ ಮಾಡಲಾರದ ಕೆಲಸ

ನಿಮ್ಮ ದನಿ ‘ಸ’ದಿಂದ ‘ರಿ’ಗೆ ಜಾರುಬಂಡೆಯಲ್ಲಿ ಜಾರಿದಂತೆ ಹೋಗಬಲ್ಲದು. ಪೇಟಿ ಮೆಟ್ಟಿಲಿನಂತೆ. ಈ ಮೆಟ್ಟಿಲಿನಿಂದ ಆ ಮೆಟ್ಟಿಲಿಗೆ ಕಾಲಿಡಬಹುದು, ನಡುವೆ ನಿಲ್ಲಲಾಗದು. ಏಕೆಂದರೆ ಪ್ರತಿ ನಾಲಗೆಯ ಉದ್ದ, ದಪ್ಪ ಮೊದಲೇ ಗೊತ್ತಾಗಿರುತ್ತದೆ. ಈ ಕೊರತೆಯೂ ಒಂದು ಕಾರಣವಾಗಿ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಅವಕಾಶ ಇರಲಿಲ್ಲ. ಆದರೂ ಅದು ಜನರ ನಡುವೆ ಉಳಿಯಿತು. ಬೆಳಗಾವಿಯ ಆರ್.ಕೆ. ಬಿಜಾಪುರೆ (1917–2010) ಅವರಂಥ ವಾದಕರು ನುಡಿಸಿ, ಕಲಿಸಿ ಅದರ ಗೌರವ ಹೆಚ್ಚಿಸಿದರು.

ಮುತ್ಯಾನ ದನಿ ಮರಳಿತು

ಈಗ ಆ ಹಳೆಯ ಪೇಟಿಗೆ ಮರಳೋಣ. ಒಂದು ಸಪ್ತಕದಲ್ಲಿ ಬಿಳಿ ಮನೆ 7, ಕಪ್ಪು ಮನೆ 5, ಒಟ್ಟು 12 ಮೆಟ್ಟಿಲುಗಳು. 12 ಮೆಟ್ಟಿಲು ಏರಿದಾಗ ಆವೃತ್ತಿ ಎರಡು ಪಟ್ಟಾಗುತ್ತದೆ. ಒಂದೊಂದು ಮೆಟ್ಟಿಲಿಗೆ ಅದು ನೂರಕ್ಕೆ ಸುಮಾರು 6ರಷ್ಟು ಹೆಚ್ಚುತ್ತದೆ. ಕರಿ ಒಂದರಿಂದ ಕರಿ ಎರಡಕ್ಕೆ ಎರಡು ಮೆಟ್ಟಿಲು. ಅಂದರೆ ಮುತ್ಯಾನ ಗಂಟಲಿನ ಧ್ವನಿ ತಂತುಗಳು ಪ್ರತಿ ಸ್ವರದಲ್ಲೂ ನೂರಕ್ಕೆ ಸುಮಾರು 12ರಷ್ಟು ಹೆಚ್ಚು ವೇಗವಾಗಿ ಕಂಪಿಸಬೇಕಾಗಿತ್ತು. ಗಂಟಲು ಹರಿಯದೆ ಇರುತ್ತದೆಯೇ?

ರಿಪೇರಿ ಬಲ್ಲ ಪೇಟಿ ಮಾಸ್ತರರೊಬ್ಬರನ್ನು ಕರೆಸಿದೆವು. ಮಕ್ಕಳು ಸುತ್ತಲೂ ಕುಳಿತಿದ್ದರು. ಮಾಸ್ತರರು ರೀಡಿನ ಹಲಗೆ ಎತ್ತಿ ಬೆಳಕಿಗೆ ಹಿಡಿದರು. ಸುಮ್ಮನಾದ ರೀಡಿನ ನಾಲಗೆ ಮುರಿದಿರಲಿಲ್ಲ. ನಾಲಗೆಗೂ ಸೀಳಿನ ಅಂಚಿಗೂ ನಡುವೆ ಬಟ್ಟೆಯ ಒಂದು ಸಣ್ಣ ಎಳೆ ಸಿಕ್ಕಿಕೊಂಡಿತ್ತು, ಅಷ್ಟೇ. ತೆಳುವಾದ ಕಾಗದದ ಚೂರನ್ನು ನಾಲಗೆಯ ಕೆಳಗೆ ಮೆಲ್ಲಗೆ ತೂರಿಸಿ ಎಳೆಯನ್ನು ತೆಗೆದರು. ಹಲಗೆ ಕೂಡಿಸಿ, ಆ ಹುಡುಗಿಗೇ ಮನೆ ಒತ್ತಲು ಹೇಳಿದರು. ಕರಿ ಒಂದು ನುಡಿಯಿತು. ಮುಂದಿನ ಅಮಾವಾಸ್ಯೆಗೆ ಮುತ್ಯಾ ತಮ್ಮ ಹಳೆಯ ಶ್ರುತಿಯಲ್ಲಿ, ಬಿಟ್ಟಿದ್ದ ಪದಗಳನ್ನೂ ಹಾಡಿದರು.

ಸುಮ್ಮನಾದದ್ದೆಲ್ಲ ಸತ್ತಿರುವುದಿಲ್ಲ, ಮಕ್ಕಳೇ. “ಯಾಕೆ?” ಎಂದು ಕೇಳಿ, ತೆರೆದು ನೋಡಿದರೆ ಕಾರಣ ಸಿಗಬಹುದು. ಆದರೆ ಪೇಟಿಯನ್ನು ನೀವೇ ಬಿಚ್ಚಬೇಡಿ. ನಾಲಗೆ ಸ್ವಲ್ಪ ಬಾಗಿದರೂ ಸ್ವರ ಕೆಡುತ್ತದೆ. ಬಲ್ಲವರ ಪಕ್ಕದಲ್ಲಿ ಕುಳಿತು ನೋಡಿ.

ಯೋಚಿಸಿ, ಉತ್ತರಿಸಿ

1. ಪೇಟಿಯ ಒಂದು ರೀಡು 240 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಅದರ ಮೇಲಿನ ಸಪ್ತಕದ ಅದೇ ಸ್ವರದ ಆವೃತ್ತಿ ಎಷ್ಟು? ಕೆಳಗಿನ ಸಪ್ತಕದಲ್ಲಿ ಎಷ್ಟು?

2. ತಗ್ಗಿನ ಸ್ವರದ ಕೆಲವು ರೀಡುಗಳಲ್ಲಿ ನಾಲಗೆಯ ತುದಿಯನ್ನು ದಪ್ಪವಾಗಿಯೇ ಬಿಟ್ಟಿರುತ್ತಾರೆ. ಏಕೆ? (ಎರೆಮಣ್ಣಿನ ಉಂಡೆಯನ್ನು ನೆನಪಿಸಿಕೊಳ್ಳಿ.)

3. ನಿಮ್ಮೂರಿನ ಭಜನೆಯಲ್ಲಿ ಬಳಸುವ ವಾದ್ಯಗಳ ಪಟ್ಟಿ ಮಾಡಿ. ಒಂದೊಂದರಲ್ಲೂ ಕಂಪಿಸುವ ಭಾಗ ಯಾವುದು ಎಂದು ಅದರ ಮುಂದೆ ಬರೆಯಿರಿ.

ಶಿಕ್ಷಕರಿಗೆ: ‘ಶಬ್ದ’ ಪಾಠದ ದಿನ ಊರಿನ ಭಜನಾ ಮಂಡಳಿಯ ಹಿರಿಯರೊಬ್ಬರನ್ನು ಪೇಟಿಯೊಂದಿಗೆ ತರಗತಿಗೆ ಆಹ್ವಾನಿಸಿ. ಅವರು ಒಂದು ಪದ ಹಾಡಲಿ. ಅವರ ಅನುಮತಿ ಪಡೆದು ಪ್ರತಿ ಮಗುವಿಗೂ, ಹೆಣ್ಣುಮಕ್ಕಳಿಗೂ ತಪ್ಪದೆ, ಒಂದು ಸಲ ಗಾಳಿ ಹಾಕಿ ಒಂದು ಮನೆ ಒತ್ತಲು ಅವಕಾಶ ಕೊಡಿ.