ಮರುಭೂಮಿಗೆ ಮರ ನೆಡಬೇಕೆ?

ಪ್ರಶ್ನೆ: ಜೈಸಲ್ಮೇರಿನ ಬಳಿ ಮರುಭೂಮಿಯನ್ನೇ ರಾಷ್ಟ್ರೀಯ ಉದ್ಯಾನ ಮಾಡಿದ್ದಾರಲ್ಲ, ಬರೀ ಮರಳಿನಲ್ಲಿ ಕಾಪಾಡುವಂಥದ್ದು ಏನಿದೆ? ಸಸಿ ನೆಟ್ಟು ಕಾಡು ಬೆಳೆಸಬಾರದೇ?

ಉತ್ತರ: ಬೆಳೆಸಬಾರದು. ಅಲ್ಲಿ ಕಾಪಾಡಬೇಕಾದದ್ದೇ ಬಯಲು.

ಜೈಸಲ್ಮೇರ್, ಬಾಡ್ಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿರುವ ಈ ಉದ್ಯಾನದಲ್ಲಿ ಮರಳುದಿಬ್ಬಗಳ ಪಾಲು ಸುಮಾರು ಐದರಲ್ಲೊಂದು ಅಷ್ಟೇ. ಉಳಿದದ್ದು ಬಂಡೆ, ಜಲ್ಲಿನೆಲ, ಬತ್ತಿದ ಉಪ್ಪುಕೆರೆಗಳ ಗಟ್ಟಿ ತಳ. ಇವುಗಳ ನಡುವೆ ಹುಲ್ಲುಗಾವಲು. ಸೇವಣ್ ಎಂಬ ಹುಲ್ಲು ಅಲ್ಲಿನ ನಿಜವಾದ ಸಂಪತ್ತು. ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ಅದೇ ಹೆಚ್ಚು ಎನ್ನುವ ಸೀಮೆಯಲ್ಲಿ ಅದು ಬೇಸಿಗೆಯಲ್ಲಿ ಸತ್ತಂತೆ ಒಣಗಿ, ಮೊದಲ ಮಳೆಗೆ ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ದನಕರುಗಳಿಗೆ ಅದೇ ಮೇವು, ಮರಳಿಗೆ ಅದೇ ಲಂಗರು.

ಮರಗಳೇ ಇಲ್ಲವೆಂದಲ್ಲ. ಅಲ್ಲಿಯವರು ಖೇಜಡಿ ಎನ್ನುವುದು ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿಯನ್ನೇ. ಬೇರು ತೀರಾ ಆಳಕ್ಕೆ ಇಳಿಯುವುದರಿಂದ ಅದು ಮಳೆಗೆ ಕಾಯದೆ ಸುಡುಬಿಸಿಲಿನಲ್ಲೇ ಚಿಗುರುತ್ತದೆ. ಬೇರೆ ಮೇವು ಸಿಗದ ಹೊತ್ತಿನಲ್ಲಿ ಆಡು, ಒಂಟೆಗಳಿಗೆ ಅದರ ಸೊಪ್ಪೇ ಗತಿ. ಅದರ ಎಳೆಗಾಯಿ ಸಾಂಗ್ರಿಯನ್ನು ಕೇರ್ ಗಿಡದ ಕಾಯಿಯ ಜೊತೆ ಬೇಯಿಸಿದರೆ ರಾಜಸ್ಥಾನದ ಹೆಸರಾಂತ ಪಲ್ಯ. ಈ ಕೇರ್ ಎಲೆಯ ಸಹವಾಸವನ್ನೇ ಹೆಚ್ಚುಕಡಿಮೆ ಬಿಟ್ಟ ಗಿಡ, ಆಹಾರ ತಯಾರಿಸುವ ಕೆಲಸವನ್ನು ಹಸಿರು ಕಡ್ಡಿಗಳೇ ಮಾಡುತ್ತವೆ. ದಿಬ್ಬಗಳ ಮೇಲಿನ ಫೋಗ್ ಪೊದೆಯದೂ ಇದೇ ಉಪಾಯ. ನಮ್ಮ ಹೊಲದಂಚಿನಲ್ಲಿ ಕಾಣುವ ಎಕ್ಕ, ಹಾವುಮೆಕ್ಕೆ ಅಲ್ಲಿಯೂ ಇವೆ.

ಇನ್ನು ಕಾಡು ಬೆಳೆಸುವ ಮಾತು. ಮರಳು ಹಾರದಿರಲಿ ಎಂಬ ಸದುದ್ದೇಶದಿಂದ ಥಾರ್‌ನ ಹಲವೆಡೆ ಇಸ್ರೇಲಿ ಜಾಲಿಯನ್ನು ನೆಟ್ಟರು. ನಾವು ಬಳ್ಳಾರಿ ಜಾಲಿ ಎನ್ನುವ ಮುಳ್ಳುಗಿಡವೂ ಹಬ್ಬಿತು. ಅದು ದಟ್ಟವಾಗಿ ಬೆಳೆದಲ್ಲಿ ಹುಲ್ಲು ಸೋಲುತ್ತದೆ. ಹುಲ್ಲು ಸೋತರೆ ಎರ್ಲಡ್ಡು ಹಕ್ಕಿಯೂ ಸೋತಂತೆ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಈ ಹಕ್ಕಿಗೆ ದೂರದವರೆಗೂ ಕಣ್ಣು ಹಾಯುವ ಬಯಲು ಬೇಕು. ಶತ್ರು ಅಡಗುವ ಪೊದೆ ಬೇಡ. ಸಿರುಗುಪ್ಪದ ಎರೆಭೂಮಿಯಲ್ಲಿ ಇದು ಬೆರಳೆಣಿಕೆಗೆ ಇಳಿದದ್ದನ್ನು ಕಂಡ ನಮಗೆ ಈ ನಷ್ಟ ದೂರದ್ದಲ್ಲ. ಇವತ್ತು ಲೋಕದಲ್ಲಿ ಉಳಿದಿರುವ ಎರ್ಲಡ್ಡುಗಳಲ್ಲಿ ಬಹುಪಾಲು ಜೈಸಲ್ಮೇರ್ ಸೀಮೆಯಲ್ಲೇ ಇವೆ.

ಊರವರು ದೇವರ ಹೆಸರಿನಲ್ಲಿ ಬಿಟ್ಟ 'ಓರಣ'ಗಳನ್ನೂ ನೋಡಿ. ಅಲ್ಲಿ ಕೊಂಬೆ ಕಡಿಯುವಂತಿಲ್ಲ, ಉಳುವಂತಿಲ್ಲ; ಯಾರೂ ನೆಡದ ಗಿಡಗಳೇ ತಲೆಮಾರುಗಳಿಂದ ಉಳಿದುಬಂದಿವೆ. ನೀವು ಹೋಗುವುದಾದರೆ ಜನಜಂಗುಳಿಯ ಸಮ್ ದಿಬ್ಬಗಳಲ್ಲೇ ನಿಲ್ಲದೆ ಉದ್ಯಾನದೊಳಗಿನ ಸುದಾಸರಿಯ ಕಡೆಗೂ ಹೋಗಿ. ಮಳೆ ಮುಗಿದ ಹೊಸತರಲ್ಲಿ ಹೋದರೆ ಬೇಲಿ ಹಾಕಿ ಕಾಪಾಡಿದ ಸೇವಣ್ ಹುಲ್ಲು ತೆನೆಬಿಟ್ಟು ನಿಂತಿರುತ್ತದೆ.