ಜರ್ಮನಿಗೆ ಓದಲು ಹೊರಟವರೇ, ಮೊದಲು ವಿಳಾಸ ಗಟ್ಟಿ ಮಾಡಿಕೊಳ್ಳಿ

ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಹಾಗಾಗಿ ಸೆಪ್ಟೆಂಬರ್ ಬಂತೆಂದರೆ ನಮ್ಮ ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟತೊಡಗುತ್ತಾರೆ. ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ, ತಿಂಗಳಿಗಿಷ್ಟೇ ಎಂದು ಹಣ ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ ಇಡಬೇಕಾದ 11,904 ಯೂರೊ, ವೀಸಾ ಸಂದರ್ಶನ ಇವುಗಳ ಬಗ್ಗೆ ಕನ್ಸಲ್ಟೆನ್ಸಿಯವರು ಸಾಕಷ್ಟು ಹೇಳಿರುತ್ತಾರೆ. ಪಾಸ್‌ಪೋರ್ಟಿಗೆ ವೀಸಾ ಅಂಟಿದ ಮೇಲೆ ಎಲ್ಲ ಮುಗಿಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎಡವುವುದು ಅಲ್ಲೇ. ಇಳಿದ ಮೇಲಿನ ಮೊದಲ ತಿಂಗಳ ಕೆಲಸಗಳೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಮೊದಲ ಕೊಂಡಿ ವಿಳಾಸ.

ಕೋಣೆ ಹಿಡಿಯುವ ಮುನ್ನ

ಪ್ರವೇಶಪತ್ರ ಕೈಗೆ ಬಂದ ದಿನವೇ ಆ ಊರಿನ ಸ್ಟುಡಿಯೆರೆಂಡನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಿ. ವೀಸಾ ಬರಲಿ ಎಂದು ಕಾಯಬೇಡಿ. ಮ್ಯೂನಿಕ್, ಬರ್ಲಿನ್‌ನಂಥ ಊರುಗಳಲ್ಲಿ ಕಾಯುವವರ ಸಾಲು ಬಹಳ ಉದ್ದ. ಸಿಗಲಿಲ್ಲವಾದರೆ ಹಂಚಿಕೊಂಡು ಇರುವ ಮನೆಯಲ್ಲಿ, ಅಲ್ಲಿನವರು ವೇಗೆ ಎನ್ನುವ ವ್ಯವಸ್ಥೆಯಲ್ಲಿ, ಒಂದು ಕೋಣೆ ಹುಡುಕಿ.

ಮಾಲೀಕರಿಗೆ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: 'ಇಲ್ಲಿ ಅನ್‌ಮೆಲ್ಡುಂಗ್ ಮಾಡಿಸಬಹುದೇ?' ಅನ್‌ಮೆಲ್ಡುಂಗ್ ಅಂದರೆ ನೀವು ಈ ವಿಳಾಸದಲ್ಲಿ ವಾಸವಿದ್ದೀರಿ ಎಂದು ನಗರಾಡಳಿತದಲ್ಲಿ ನೋಂದಾಯಿಸುವುದು. ಕೋಣೆಗೆ ಬಂದ ಎರಡು ವಾರದೊಳಗೆ ಇದನ್ನು ಮಾಡಿಸಬೇಕು, ಕಾನೂನೇ ಹಾಗಿದೆ. ಅಲ್ಪಾವಧಿಗೆ ಕೋಣೆ ಕೊಡುವವರಲ್ಲಿ ಎಷ್ಟೋ ಮಂದಿ ಇದಕ್ಕೆ ಒಪ್ಪುವುದಿಲ್ಲ. ಅಂಥ ಕೋಣೆ ಎಷ್ಟೇ ಅಗ್ಗವಿರಲಿ, ನೆಲೆ ನಿಲ್ಲಲು ಅದರಿಂದ ಉಪಯೋಗವಿಲ್ಲ.

ಠೇವಣಿ ಅಂದರೆ ಕೌಟ್ಸಿಯೊನ್, ಮೂಲ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ. ಅದನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಹಾಸ್ಟೆಲುಗಳು ಮುಂಗಡ ಕೇಳುವುದುಂಟು, ಅದು ಸರಿ. ಆದರೆ 'ನಾನು ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿದರೆ ಬೀಗದ ಕೈ ಅಂಚೆಯಲ್ಲಿ ಕಳಿಸುತ್ತೇನೆ' ಎನ್ನುವವರಿಗೆ ಒಂದು ಯೂರೊವನ್ನೂ ಕಳಿಸಬೇಡಿ. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬಿಡುಗಡೆಯಾಗುವುದು 992 ಯೂರೊ ಮಾತ್ರ, ಅದೂ ಅಲ್ಲಿಗೆ ಹೋಗಿ ಖಾತೆ ತೆರೆದ ಮೇಲೆ. ಹಾಗಾಗಿ ಮೊದಲ ಬಾಡಿಗೆ, ಠೇವಣಿಗೆ ಬೇಕಾದ ಹಣವನ್ನು ಫಾರೆಕ್ಸ್ ಕಾರ್ಡಿನಲ್ಲಿ ಪ್ರತ್ಯೇಕವಾಗಿ ಒಯ್ಯಿರಿ.

ನೋಂದಣಿಯ ದಿನ

ಬ್ಯೂರ್ಗರಾಮ್ಟ್ ಎಂಬ ನಾಗರಿಕ ಕಚೇರಿಯ ಅಪಾಯಿಂಟ್‌ಮೆಂಟನ್ನು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಹಿಡಿದಿಡಿ. ಬರ್ಲಿನ್‌ನಲ್ಲಾದರೆ ನಗರದ ಯಾವುದೇ ಬ್ಯೂರ್ಗರಾಮ್ಟ್‌ಗೆ ಹೋಗಬಹುದು. ಎರಡು ವಾರದೊಳಗೆ ದಿನ ಸಿಗದಿದ್ದರೆ ಅಪಾಯಿಂಟ್‌ಮೆಂಟ್ ಹಿಡಿದ ದಾಖಲೆ ಇಟ್ಟುಕೊಳ್ಳಿ.

ಹೋಗುವಾಗ ಪಾಸ್‌ಪೋರ್ಟು, ಭರ್ತಿ ಮಾಡಿದ ಅರ್ಜಿ, ಜೊತೆಗೆ ಮನೆ ಕೊಟ್ಟವರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಇರಬೇಕು. ಹೆಸರು ಉದ್ದವಾದರೂ ಕಾಗದ ಒಂದೇ ಪುಟದ್ದು. ಬಾಡಿಗೆ ಕರಾರುಪತ್ರ ಇದ್ದರೆ ಸಾಕು ಎಂದುಕೊಂಡು ಹೋಗಿ ವಾಪಸ್ ಬಂದವರು ತುಂಬ ಜನ. 2015ರ ನವೆಂಬರ್‌ನಿಂದ ಈ ದೃಢೀಕರಣ ಕಡ್ಡಾಯ. ದುಡ್ಡಿಗೆ ಸುಳ್ಳು ವಿಳಾಸ ಒದಗಿಸುವವರೂ ಇದ್ದಾರೆ. ವಾಸವಿಲ್ಲದವರಿಗೆ ನೋಂದಣಿಗೆಂದು ವಿಳಾಸ ಕೊಟ್ಟರೆ 50,000 ಯೂರೊವರೆಗೆ ದಂಡವಿದೆ. ಆ ವ್ಯವಹಾರದ ಹತ್ತಿರವೂ ಸುಳಿಯಬೇಡಿ.

ನೋಂದಣಿಯಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆಯೂ ಬರುತ್ತದೆ. ಮಂಗಳೂರಿನ ಕಡೆಯ ಕ್ಯಾಥೊಲಿಕ್ ಕುಟುಂಬಗಳ ಮಕ್ಕಳಿಗೆ ಇದು ಗೊತ್ತಿರಲಿ: ಕ್ಯಾಥೊಲಿಕ್ ಎಂದು ದಾಖಲಾದರೆ ಮುಂದೆ ಕೆಲಸಕ್ಕೆ ಸೇರಿ ಆದಾಯ ತೆರಿಗೆ ಕಟ್ಟುವಾಗ ಅದರ ಮೇಲೆ ರಾಜ್ಯಕ್ಕನುಗುಣವಾಗಿ ಶೇ 8 ಅಥವಾ 9ರಷ್ಟು ಚರ್ಚ್ ತೆರಿಗೆಯೂ ಸೇರುತ್ತದೆ. ನಿಜ ಹೇಳಬೇಕು, ಆದರೆ ತಿಳಿದು ಹೇಳಬೇಕು.

ಅಂಚೆ ಡಬ್ಬಿಯ ಮೇಲೆ ಹೆಸರು

ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ಜರ್ಮನಿಯ ವಸತಿ ಕಟ್ಟಡಗಳ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರು ಇರುವುದಿಲ್ಲ. ರಸ್ತೆ, ಕಟ್ಟಡದ ಸಂಖ್ಯೆ, ಆಮೇಲೆ ಹೆಸರು, ಅಷ್ಟೇ. ಡಬ್ಬಿಯ ಮೇಲೆ ನಿಮ್ಮ ಹೆಸರು ಕಾಣದಿದ್ದರೆ ಅಂಚೆಯವರು ಪತ್ರವನ್ನು ಕಳಿಸಿದವರಿಗೇ ಮರಳಿಸುತ್ತಾರೆ. 'ಸೆಕ್ಯುರಿಟಿಯವರ ಹತ್ತಿರ ಕೊಟ್ಟಿರುತ್ತಾರೆ' ಎಂಬ ನಮ್ಮ ಅಪಾರ್ಟ್‌ಮೆಂಟುಗಳ ಲೆಕ್ಕ ಅಲ್ಲಿಲ್ಲ.

ಹೀಗೆ ಮರಳಿ ಹೋಗುವುದು ಬರೀ ಜಾಹೀರಾತಲ್ಲ. ಬ್ಯಾಂಕ್ ಕಾರ್ಡು ಮತ್ತು ಪಿನ್, ಆರೋಗ್ಯ ವಿಮೆಯ ಕಾರ್ಡು, 11 ಅಂಕಿಯ ತೆರಿಗೆ ಸಂಖ್ಯೆ ಎಲ್ಲವೂ ಬರುವುದು ಅಂಚೆಯಲ್ಲೇ. ತೆರಿಗೆ ಸಂಖ್ಯೆ ಕೊಡದಿದ್ದರೆ ಅರೆಕಾಲಿಕ ಕೆಲಸದ ಸಂಬಳದಲ್ಲಿ ಉದ್ಯೋಗದಾತರು ಅತಿ ಹೆಚ್ಚು ದರದ ಆರನೇ ವರ್ಗದಲ್ಲಿ ತೆರಿಗೆ ಕಡಿತ ಮಾಡುವ ಸಾಧ್ಯತೆ ಇದೆ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಕರ್ನಾಟಕದ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಇರುತ್ತದೆ. ಒಂದು ಕಚೇರಿ ಒಂದು ಹೆಸರಲ್ಲಿ, ಇನ್ನೊಂದು ಇನ್ನೊಂದರಲ್ಲಿ ಪತ್ರ ಬರೆದೀತು. ಆದ್ದರಿಂದ ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು, ಕೋಣೆಗೆ ಕಾಲಿಟ್ಟ ದಿನವೇ ಡಬ್ಬಿಗೂ ಕರೆಗಂಟೆಗೂ ಅಂಟಿಸಿ. ಬ್ಯಾಂಕು, ವಿಮೆ, ವಿಶ್ವವಿದ್ಯಾಲಯ ಎಲ್ಲ ಕಡೆ ಅದೇ ಹೆಸರು ಅದೇ ಕ್ರಮದಲ್ಲಿ ಕೊಡಿ. ಒಂದು ಟೇಪು, ಒಂದು ಪೆನ್ನು ಕೈಚೀಲದಲ್ಲೇ ಇರಲಿ. ಸ್ನೇಹಿತರ ಮನೆಯಲ್ಲಿ ಇಳಿದುಕೊಂಡಿದ್ದರೆ ವಿಳಾಸದಲ್ಲಿ ಅವರ ಹೆಸರನ್ನೂ 'ಸಿ/ಒ' ಎಂದು ಸೇರಿಸಿ.

ಉಳಿದದ್ದು

30 ವರ್ಷದೊಳಗಿನವರು ಸಾರ್ವಜನಿಕ ಆರೋಗ್ಯ ವಿಮೆಯ ವಿದ್ಯಾರ್ಥಿ ದರವನ್ನೇ ಆರಿಸಿಕೊಳ್ಳಿ. ಅಗ್ಗವೆಂದು ಖಾಸಗಿ ವಿಮೆಗೆ ಹೋಗಿ ವಿನಾಯಿತಿ ಪಡೆದರೆ ಓದು ಮುಗಿಯುವವರೆಗೆ ಸಾಮಾನ್ಯವಾಗಿ ಹಿಂದಿರುಗುವ ದಾರಿ ಇರುವುದಿಲ್ಲ. ಸೆಮಿಸ್ಟರ್ ಶುರುವಾಗುವವರೆಗಿನ ದಿನಗಳಿಗೆ ಪ್ರಯಾಣ ವಿಮೆ ಬೇಕು.

ಒಂದು ಮನೆಗೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕದ ಪತ್ರ ಬಂದೇ ಬರುತ್ತದೆ. ಟಿವಿ ಇಲ್ಲವೆಂದು ಅದನ್ನು ಹರಿದು ಹಾಕಬೇಡಿ. ಜೊತೆಗಿರುವವರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ ತಿಳಿಸಿದರೆ ಸಾಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ರಾತ್ರಿ ಇಳಿಯುವವರು ಎರಡು ಹೊತ್ತಿನ ಊಟಕ್ಕೆ ದಾರಿ ನೋಡಿಕೊಳ್ಳಿ.

ಇಲ್ಲಿಂದ ಕೊಡುವ ವೀಸಾ ಬಹುತೇಕ ಕೆಲವೇ ತಿಂಗಳ ಅವಧಿಯದು. ಅದು ಮುಗಿಯುವ ಮೊದಲೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ನಿವಾಸ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ನೋಂದಣಿ ಆದ ವಾರವೇ ಹಾಕಿ.