ಹುಳುಮನೆಗೆ ಹೊರಟ ಪ್ರಾಜೆಕ್ಟ್

ಪ್ರೀತಿಯ ಮಗಳೇ,

ನಿನಗೂ ನಿನ್ನ ಬ್ಯಾಚಿನ ಉಳಿದ ಮೂವರಿಗೂ, ನಿಮ್ಮ ಹಾಗೆಯೇ ಈ ವರ್ಷ ಬಿ.ಇ. ಕೊನೆಯ ಪ್ರಾಜೆಕ್ಟಿಗೆ ಕೈಹಾಕಿರುವ ನಮ್ಮ ಸೀಮೆಯ ಎಲ್ಲ ಮಕ್ಕಳಿಗೂ ದೊಡ್ಡಪ್ಪನ ಆಶೀರ್ವಾದ.

ರೇಷ್ಮೆ ಹುಳುಮನೆಯ ಶಾಖವನ್ನೂ ತೇವವನ್ನೂ ತಾನಾಗಿ ನೋಡಿಕೊಳ್ಳುವ ವ್ಯವಸ್ಥೆಯೊಂದನ್ನು ಮಾಡುತ್ತೇವೆ ಎಂದು ಬರೆದಿದ್ದೀಯ. ಓದಿ ಸಂತೋಷವಾಯಿತು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳಲ್ಲಿ ಎಷ್ಟೋ ಸಂಸಾರಗಳು ನಡೆಯುವುದು ಆ ಗೂಡಿನಿಂದಲೇ. ಯಂತ್ರ ವಿನ್ಯಾಸದ ಕೆಲಸದಲ್ಲೇ ಆಯುಷ್ಯ ಕಳೆದವನಾದ್ದರಿಂದ ನಾಲ್ಕು ಮಾತು ಹೇಳುತ್ತೇನೆ. ಬಿಡಿಭಾಗಗಳೆಲ್ಲ ಚೆನ್ನಾಗಿದ್ದೂ ಇಡೀ ವ್ಯವಸ್ಥೆ ಕೈಕೊಡಬಹುದು. ಅದು ಕೆಡುವುದು ಹೆಚ್ಚಾಗಿ ಭಾಗ ಭಾಗ ಸೇರುವ ಸಂದಿನಲ್ಲಿ, ಇಲ್ಲವೇ ನೀವು ನಮ್ಮದಲ್ಲವೆಂದು ಬಿಟ್ಟ ಎಲ್ಲೆಯ ಆಚೆಗೆ. ಈ ಎರಡು ಕಡೆ ಕಣ್ಣಿಟ್ಟರೆ ಪ್ರಾಜೆಕ್ಟ್ ದಡ ಸೇರುತ್ತದೆ.

ಸೆನ್ಸರ್ ಕೊಳ್ಳುವ ಮೊದಲು ಹುಳು ಮೇಯಿಸುವವರ ಹತ್ತಿರ ಕೂತು ಕೇಳಿ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಶಾಖ, ಶೇಕಡ 80ಕ್ಕೂ ಮೇಲೆ ತೇವಾಂಶ ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, 70ರ ಆಸುಪಾಸಿನ ತೇವ ಸಾಕು. ಇಷ್ಟು ಪುಸ್ತಕದಲ್ಲೇ ಸಿಗುತ್ತದೆ. ಆದರೆ ಹುಳು ಪೊರೆ ಕಳಚಲು ಜ್ವರಕ್ಕೆ ಕೂತಾಗ ಮನೆಯವರು ಸೊಪ್ಪು ನಿಲ್ಲಿಸುತ್ತಾರೆ, ಸುಣ್ಣದ ಪುಡಿ ಉದುರಿಸಿ ಹಾಸಿಗೆಯನ್ನು ಒಣಗಿಸುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಯಂತ್ರ ತೇವ ಕಡಿಮೆಯಾಯಿತೆಂದು ಮಂಜು ಸಿಂಪಡಿಸಿದರೆ ಅವರು ಮಾಡಿದ್ದನ್ನೆಲ್ಲ ಅದು ಕೆಡಿಸಿದಂತೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳು ಚಂದ್ರಿಕೆಯ ತಟ್ಟೆಗೆ ಹತ್ತಿದ ಮೇಲೂ ಹಾಗೆಯೇ. ಗೂಡು ಕಟ್ಟುವ ಮುನ್ನ ಹುಳುಗಳು ಮೂತ್ರ ಹಾಕುತ್ತವೆ. ಆ ತೇವ ಹೊರಗೆ ಹೋಗಲು ಗಾಳಿಯಾಡಬೇಕು, ಇಲ್ಲವಾದರೆ ಗೂಡಿನ ಗುಣಮಟ್ಟ ಕುಸಿಯುತ್ತದೆ. ಹುಳು ಯಾವ ಹಂತದಲ್ಲಿದೆ ಎಂದು ತಿಳಿಯದ ಯಂತ್ರ ಎಷ್ಟೇ ನಿಖರವಾಗಿ ಅಳೆದರೂ ಉಪಯೋಗವಿಲ್ಲ. ಮನೆಯಾಕೆ ಒಂದು ಗುಂಡಿ ಒತ್ತಿ ‘ಜ್ವರ’ ಎಂದೋ ‘ಹಣ್ಣು’ ಎಂದೋ ತಿಳಿಸುವ ಹಾಗಿದ್ದರೆ, ನಿಮ್ಮ ವಿನ್ಯಾಸದ ಅರ್ಧ ತೊಡಕು ಅಲ್ಲೇ ಬಗೆಹರಿಯುತ್ತದೆ.

ಇನ್ನೊಂದು ಇಕ್ಕಟ್ಟು ಕಿಟಕಿಯದು. ರೇಷ್ಮೆ ಹುಳುವಿಗೆ ಮಾರಕವಾದ ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ಅಂದಿನಿಂದ ಕಿಟಕಿ ಬಾಗಿಲಿಗೆಲ್ಲ ಬಲೆ ಕಟ್ಟದೆ ಹುಳು ಮೇಯಿಸುವ ಹಾಗಿಲ್ಲ. ಬಲೆಯ ಕಣ್ಣು ಸಣ್ಣದಾದಷ್ಟೂ ನೊಣ ದೂರ, ಆದರೆ ಗಾಳಿಯೂ ಕಡಿಮೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗುವ ಇಂಥ ಜಾಗಗಳನ್ನು ಮೊದಲೇ ಗುರುತಿಸಿ, ಯಾವುದಕ್ಕೆ ಎಷ್ಟು ಬಿಟ್ಟುಕೊಟ್ಟಿರಿ, ಏಕೆ ಎಂಬುದನ್ನು ರಿಪೋರ್ಟಿನಲ್ಲಿ ಬರೆಯಿರಿ. ವೈವಾದಲ್ಲಿ ಸರ್ಕ್ಯೂಟಿನ ಚಿತ್ರಕ್ಕಿಂತ ಈ ಒಂದು ಪುಟ ನಿಮ್ಮ ತಿಳಿವಳಿಕೆಯನ್ನು ಹೆಚ್ಚು ತೋರಿಸುತ್ತದೆ.

ಎಲ್ಲೆಯ ಮಾತಿಗೆ ನಮ್ಮ ಮಾಗಡಿ ತಾಲ್ಲೂಕಿನಲ್ಲೇ ದೊಡ್ಡ ಪಾಠವಿದೆ. ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಸೇರುವಲ್ಲಿ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಟ್ಟಲೆ ಬೆಂಗಳೂರಿಗೆ ನೀರು ಕೊಟ್ಟಿತು. ಕಟ್ಟೆ ಇಂದಿಗೂ ಗಟ್ಟಿಯಾಗಿದೆ, ಆದರೆ ಹರಿದು ಬರುವ ನೀರು ಕುಗ್ಗಿತು. ಅರ್ಕಾವತಿ ಏಕೆ ಬತ್ತಿತೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಒಂದೊಂದೇ ಕಾರಣವನ್ನು ಒರೆಗೆ ಹಚ್ಚಿ 2015ರಲ್ಲಿ ಬರೆದರು. ಮಳೆ ಕಡಿಮೆಯಾದದ್ದು ಕಾರಣವಲ್ಲ, ಕೊಳವೆಬಾವಿಗಳು ಅಂತರ್ಜಲವನ್ನು ಎಳೆದದ್ದು ಮತ್ತು ನೀಲಗಿರಿ ತೋಪುಗಳು ಹರಡಿದ್ದೇ ಮುಖ್ಯ ಕಾರಣಗಳಿರಬೇಕು ಎಂಬುದು ಅವರಿಗೆ ಕಂಡದ್ದು. ಕೆಡುಕು ಇದ್ದದ್ದು ಕಟ್ಟೆಯಲ್ಲಲ್ಲ, ಕಟ್ಟೆಯ ನಕ್ಷೆಯ ಹೊರಗೆ. ನಿಮ್ಮ ಹುಳುಮನೆಗೂ ಹೊರಗು ಇದೆ: ಕರೆಂಟು, ಸೊಪ್ಪಿನ ತೋಟ, ಚಾಕಿ ಕೇಂದ್ರ, ಮಾರುಕಟ್ಟೆಗೆ ಗೂಡು ಸಾಗುವ ದಿನ. ಇವೆಲ್ಲವನ್ನೂ ನೀವು ಸರಿಪಡಿಸಬೇಕಿಲ್ಲ. ಆದರೆ ಯಾವುದು ಒಳಗೆ, ಯಾವುದು ಹೊರಗೆ ಎಂದು ಮೊದಲ ವಾರವೇ ಗೆರೆ ಎಳೆದು, ಹೊರಗಿನಿಂದ ಬರಬಹುದಾದ ಪೆಟ್ಟುಗಳನ್ನು ಪಟ್ಟಿ ಮಾಡಿ. ನಿಮ್ಮ ಪಾದವೂ ಆ ಪಟ್ಟಿಯಲ್ಲಿರಲಿ. ಒಂದು ಹುಳುಮನೆಯ ರೋಗ ಇನ್ನೊಂದಕ್ಕೆ ಜನರ ಕೈಕಾಲಿನಿಂದಲೇ ಹೋಗಬಲ್ಲದು. ಚಪ್ಪಲಿ ಹೊರಗೆ ಬಿಟ್ಟು, ಸೋಂಕುನಿವಾರಕದಲ್ಲಿ ಕೈಕಾಲು ತೊಳೆದು ಒಳಗೆ ಹೋಗಿ. ಒಂದೇ ದಿನ ಎರಡು ಮನೆಗೆ ಹೋಗಬೇಡಿ.

ಈಗ ಸಂದಿನ ವಿಚಾರ. ಒಬ್ಬರು ಸೆನ್ಸರ್, ಒಬ್ಬರು ಕೋಡ್, ಒಬ್ಬರು ಫ್ಯಾನು-ಫಾಗರ್, ಒಬ್ಬರು ಮೊಬೈಲ್ ಆ್ಯಪ್ ಎಂದು ಹಂಚಿಕೊಂಡಿದ್ದೀರಿ. ಸರಿಯೇ. ಆದರೆ ಎರಡೆರಡು ಕೆಲಸಗಳ ನಡುವಿನ ಜಾಗ ಯಾರದು? ಏನು ದಾಟಿಹೋಗುತ್ತದೆ, ಯಾವ ಮಾನದಲ್ಲಿ, ಎಷ್ಟು ಹೊತ್ತಿಗೊಮ್ಮೆ, ಬಾರದೆ ಹೋದರೆ ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಪ್ರತಿ ಸಂದಿಗೂ ಒಬ್ಬರ ಹೆಸರಿರಲಿ. ನಾಸಾದ ಮಂಗಳ ನೌಕೆಯೊಂದು 1999ರಲ್ಲಿ ನಾಶವಾದದ್ದು, ಒಂದು ಕಡೆಯವರು ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯವರು ನ್ಯೂಟನ್ ಎಂದು ತಿಳಿದದ್ದರಿಂದ. ಅಷ್ಟು ದೊಡ್ಡವರಿಗೇ ಹಾಗಾದರೆ ನಿಮ್ಮ ಮಧ್ಯೆ ಬಾಯಿಮಾತಿನ ಒಪ್ಪಂದ ಸಾಲದು. ಸೆನ್ಸರಿನ ತಂತಿ ಕಡಿದರೆ ಫ್ಯಾನು ನಿಲ್ಲಬೇಕೋ ತಿರುಗಬೇಕೋ? ಕರೆಂಟು ಹೋದಾಗ ಮನೆಯವರು ಕೈಯಿಂದಲೇ ಎಲ್ಲವನ್ನೂ ನಡೆಸಬಹುದೇ? ಇವಕ್ಕೆ ಉತ್ತರ ಕೋಡ್ ಬರೆಯುವವರಷ್ಟೇ ಕೊಡುವಂಥದ್ದಲ್ಲ, ನಾಲ್ವರೂ ಕೂತು ತೀರ್ಮಾನಿಸಬೇಕಾದದ್ದು.

ಒಬ್ಬೊಬ್ಬರೂ ತಮ್ಮ ಭಾಗವನ್ನು ಪೂರ್ತಿ ಮುಗಿಸಿ ಕೊನೆಯ ವಾರ ಜೋಡಿಸುವ ಯೋಚನೆ ಬಿಡಿ. ಮೊದಲ ತಿಂಗಳಲ್ಲೇ ಒಂದು ಸೆನ್ಸರ್, ನಾಲ್ಕು ಸಾಲು ಕೋಡ್, ಒಂದು ಫ್ಯಾನು ಸೇರಿಸಿ ನಡೆಸಿ ನೋಡಿ, ಆಮೇಲೆ ಬೆಳೆಸಿ. ಹುಳು ನಿಮ್ಮ ಸೆಮಿಸ್ಟರಿಗೆ ಕಾಯುವುದಿಲ್ಲ. ಮೊಟ್ಟೆಯೊಡೆದು ಹಣ್ಣಾಗಲು ಹೆಚ್ಚುಕಡಿಮೆ ನಾಲ್ಕು ವಾರ. ಒಂದು ಬೆಳೆ ತಪ್ಪಿದರೆ ಮುಂದಿನ ಬೆಳೆಯೇ ಗತಿ. ಆದ್ದರಿಂದ ಕಾಲೇಜಿನ ವೇಳಾಪಟ್ಟಿಯ ಪಕ್ಕದಲ್ಲಿ ರೈತರ ಬೆಳೆಯ ಪಟ್ಟಿಯನ್ನೂ ಇಟ್ಟು ದಿನ ಗೊತ್ತುಮಾಡಿ. ಮೊದಲ ಬೆಳೆಯಲ್ಲಿ ಬರೀ ಅಳೆಯಿರಿ, ಏನನ್ನೂ ಮುಟ್ಟಬೇಡಿ. ಆಮೇಲೆ ಖಾಲಿ ಮನೆಯಲ್ಲಿ ಯಂತ್ರ ಓಡಿಸಿ. ಹುಳುವಿರುವ ಮನೆಯನ್ನು ನಿಮ್ಮ ಯಂತ್ರಕ್ಕೆ ಒಪ್ಪಿಸುವುದು ಕೊನೆಗೆ, ಅದೂ ಮನೆಯವರು ಎದುರಿಗಿದ್ದಾಗ. ಆ ಹುಳು ಒಂದು ಕುಟುಂಬದ ಸಾಲ, ಶಾಲೆಯ ಫೀಜು, ಮದುವೆಯ ಖರ್ಚು. ಅದರ ಮೇಲೆ ಪ್ರಯೋಗ ಮಾಡಲು ನಮಗೆ ಹಕ್ಕಿಲ್ಲ.

ಸಹಾಯ ಹತ್ತಿರದಲ್ಲೇ ಇದೆ. ಚನ್ನಪಟ್ಟಣದಲ್ಲಿ ರೇಷ್ಮೆ ತರಬೇತಿ ಸಂಸ್ಥೆಯಿದೆ, ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ, ಹೋಗಿ ಕೇಳಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಹಣ ಕೊಡುವ ಕಾರ್ಯಕ್ರಮ ನಡೆಸುತ್ತ ಬಂದಿದೆ. ನಿಮ್ಮ ಗೈಡ್ ಮೂಲಕ ವಿಚಾರಿಸಿ. ಬೆಂಗಳೂರಿನ ಅಂಗಡಿಗಳಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವವರ ಬಾಗಿಲು ಮಾತ್ರ ತುಳಿಯಬೇಡಿ. ಕೊಂಡು ತಂದದ್ದಕ್ಕೆ ಅಂಕ ಬರಬಹುದು, ವಿದ್ಯೆ ಬರುವುದಿಲ್ಲ. ಒಬ್ಬರು ದುಡಿದು ಮೂವರು ಹೆಸರು ಹಾಕಿಕೊಳ್ಳುವುದೂ ಅಷ್ಟೇ ಕೆಟ್ಟದ್ದು. ವಾರಕ್ಕೊಮ್ಮೆ ಕೂಡಿ, ನಿನ್ನ ಭಾಗವನ್ನು ಇನ್ನೊಬ್ಬರು ವಿವರಿಸಲಿ, ಅವರ ಭಾಗವನ್ನು ನೀನು ವಿವರಿಸು. ಹಿಂದೆ ಬಿದ್ದವರು ಯಾರೆಂದು ಆಗಲೇ ಗೊತ್ತಾಗುತ್ತದೆ, ಕೈಹಿಡಿದು ಎಬ್ಬಿಸಲೂ ಸಮಯ ಉಳಿದಿರುತ್ತದೆ.

ಹೇಳಿಕೊಂಡದ್ದೆಲ್ಲ ಆಗದಿದ್ದರೆ ಕೆಲಸವನ್ನು ಚಿಕ್ಕದು ಮಾಡಿ, ಅರ್ಧಕ್ಕೆ ಬಿಡಬೇಡಿ. ಆ್ಯಪ್ ಇಲ್ಲದಿದ್ದರೂ ಸರಿಯಾದ ಹೊತ್ತಿಗೆ ಗಂಟೆ ಬಾರಿಸಿ ಎಚ್ಚರಿಸುವ ಪೆಟ್ಟಿಗೆಯೊಂದು ನಿಜವಾಗಿ ನಡೆದರೆ ಅದು ಪೂರ್ಣ ಕೆಲಸವೇ. ಫಲಿಸದ ಪರೀಕ್ಷೆಯನ್ನೂ ರಿಪೋರ್ಟಿನಲ್ಲಿ ಬರೆಯಿರಿ. ಮುಂದಿನ ವರ್ಷದ ಬ್ಯಾಚಿಗೆ ಅದೇ ದಾರಿ.

ಕೊನೆಯ ಕೋರಿಕೆ ಇದು. ವೈವಾ ಮುಗಿದ ಮೇಲೆ ಆ ಪೆಟ್ಟಿಗೆಯನ್ನು ಲ್ಯಾಬಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹುಳುಮನೆಯಲ್ಲೇ ಬಿಡಿ, ಜೊತೆಗೆ ಹೇಗೆ ನಡೆಸಬೇಕೆಂದು ಒಂದು ಪುಟ ಕನ್ನಡದಲ್ಲಿ ಬರೆದು ಕೊಡಿ. ನೀವು ಎದುರಿಗಿಲ್ಲದಾಗಲೂ ಆ ಮನೆಯಾಕೆ ಅದನ್ನು ಓದಿ ಯಂತ್ರ ನಡೆಸಿ ಒಂದು ಬೆಳೆ ತೆಗೆದರೆ, ನಿಮ್ಮ ಪ್ರಾಜೆಕ್ಟ್ ಅಂದು ಮುಗಿಯಿತು ಎಂದು ತಿಳಿಯಿರಿ.

ಇಂತಿ,
ನಿನ್ನ ದೊಡ್ಡಪ್ಪ